ಲಗ್ನಪತ್ರಿಕೆಯ ಮುಖ್ಯಾಂಶ

ಓದುವುದನ್ನು ಕಲಿಸಿಯೇ ನಾನು ಹೊಟ್ಟೆ ಹೊರೆಯುವುದು. ಆದರೆ ನನಗೇ ಓದಲು ಬರುತ್ತದೆಯೇ ಎಂಬ ಅನುಮಾನ ಆಗಾಗ ಕಾಡುತ್ತದೆ. ಕತೆ, ಪದ್ಯಗಳ ಮಾತು ಬಿಡಿ. ಅವು ಅರ್ಥವಾಗದಿದ್ದರೂ ತಲೆದೂಗಿಬಿಟ್ಟರೆ ಮರ್ಯಾದೆ ಉಳಿಯುತ್ತದೆ. ಮಾಹಿತಿ ಕೊಡುತ್ತೇನೆಂದು ಬರುವ ಬರಹಗಳ ಮುಂದೆ ಮಾತ್ರ ನಾನು ಪೆಕರ. ಕೆಮ್ಮಿನ ಔಷಧದ ಡಬ್ಬಿಯಲ್ಲಿದ್ದ ಚೀಟಿಯನ್ನು ಒಮ್ಮೆ ಪೂರ್ತಿ ಓದಿ, ಇದನ್ನು ಕುಡಿಯುವುದಕ್ಕಿಂತ ಕೆಮ್ಮುವುದೇ ಕ್ಷೇಮವೆಂದು ಎತ್ತಿಟ್ಟವನು ನಾನು. "ನೀವು ಮಕ್ಕಳಿಗೆ ಅದೇನು ಪಾಠ ಮಾಡ್ತೀರೋ!" ಎಂದು ಹೆಂಡತಿ ಕೇಳಿದಾಗ ಇನ್ನಷ್ಟು ಜೋರಾಗಿ ಕೆಮ್ಮಿದೆ.

ಇಂಥವನನ್ನು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಂಜನಗೂಡಿನ ಶಿಕ್ಷಕರ ತರಬೇತಿಗೆ ಹಾಕಿದರು. ಮಕ್ಕಳು ಪ್ರಶ್ನೋತ್ತರ ಉರು ಹೊಡೆಯುತ್ತಾರೆ, ಅದು ಓದಲ್ಲ; ದಿನಬಳಕೆಯ ಬರಹಗಳನ್ನು ತರಗತಿಗೆ ತಂದು ವಿಶ್ಲೇಷಣೆ ಮಾಡಿಸಿ ಎಂದರು ತರಬೇತಿ ಕೊಡಲು ಬಂದವರು. ಮುಖ್ಯಾಂಶ ಯಾವುದು, ಯಾರಿಗಾಗಿ ಬರೆದದ್ದು, ಹೇಳದೆ ಬಿಟ್ಟದ್ದೇನು ಎಂದು ಕೇಳಬೇಕಂತೆ. ಮಕ್ಕಳ ಯಾವ ಉತ್ತರವನ್ನೂ ತಪ್ಪು ಎನ್ನಬಾರದಂತೆ. ಹಾಗಾದರೆ ಮೇಷ್ಟ್ರು ಏಕೆ ಬೇಕು ಎಂದು ಕೇಳೋಣವೆಂದು ಎದ್ದೆ, ಅಷ್ಟರಲ್ಲಿ ಊಟಕ್ಕೆ ಬಿಟ್ಟರು.

ಆ ವಾರವೇ ನನ್ನ ತಂಗಿಯ ಲಗ್ನಪತ್ರಿಕೆ ಅಚ್ಚಾಗಿ ಬಂದು, ಅಪ್ಪ ನೆಂಟರಿಗೆಲ್ಲ ಹಂಚಿ ಮುಗಿಸಿದ್ದರು. ಮಿಕ್ಕವನ್ನು ಬ್ಯಾಗಿಗೆ ತುರುಕಿಕೊಂಡು ಹುಲ್ಲಹಳ್ಳಿ ಕಡೆಯ ನನ್ನ ಹೈಸ್ಕೂಲಿಗೆ ಹೋದೆ. ಒಂಬತ್ತನೇ ತರಗತಿಗೆ ಬೆಂಚಿಗೊಂದರಂತೆ ಕೊಟ್ಟು, "ಇದರ ಮುಖ್ಯಾಂಶ ಏನು?" ಎಂದೆ. "ಬೀಗರೂಟ ಸಾ," ಎಂದ ಮಾದೇಶ. "ಮದುವೆ ಅಲ್ವೇನೋ?" ಎಂದರೆ, "ಮದ್ವೆ ಎಲ್ಲಾ ಕಾರ್ಡಲ್ಲೂ ಇರ್ತದೆ ಸಾ. ಬೀಗರೂಟ ಯಾವತ್ತು, ಎಲ್ಲಿ ಅಂತ ನೋಡಕ್ಕೇ ತಾನೆ ಕಾರ್ಡು ಓದದು?" ಎಂದುಬಿಟ್ಟ. ತಪ್ಪು ಎನ್ನುವ ಹಾಗಿಲ್ಲ; ಯೋಚಿಸಿದರೆ ತಪ್ಪೆಂದು ಅನಿಸಲೂ ಇಲ್ಲ. ಯಾರಿಗಾಗಿ ಬರೆದದ್ದು ಎಂದೆ. "ಕೆಳಗಡೆ ಎಸ್ರು ಆಕಿಸ್ಕೊಂಡಿರೋರ್ಗೆ ಸಾ," ಎಂದಿತು ಹಿಂದಿನ ಬೆಂಚು. ಹೇಳದೆ ಬಿಟ್ಟದ್ದೇನು ಎಂದಾಗ ಸೌಮ್ಯ ಎದ್ದು ನಿಂತು ಬಹಳ ಮರುಕದಿಂದ, "ಸಾ, ನಿಮ್ಗೆ ಸೋದರಮಾವ ಇಲ್ವಾ?" ಎಂದಳು.

ಸೋದರಮಾವ ಮೂಗೂರಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಅಮ್ಮನಿಗೆ ಒಬ್ಬನೇ ಅಣ್ಣ. ಹೆಣ್ಣನ್ನು ಕೈಹಿಡಿದು ಧಾರೆ ಮಂಟಪಕ್ಕೆ ಕರೆತರಬೇಕಾದವರು ಅವರೇ. ಅವರು ಮುನಿಸಿಕೊಂಡು ಕೂತರೆ ನಮ್ಮ ಕಡೆ ಮದುವೆ ಒಂದು ಹೆಜ್ಜೆ ಮುಂದಕ್ಕೆ ಹೋಗುವುದಿಲ್ಲ. ಕಾರ್ಡನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನೋಡಿದೆ. ಮಾವನ ಹೆಸರು ಎಲ್ಲೂ ಇಲ್ಲ. ಕರಡನ್ನು ಮನೆಮಂದಿಯೆಲ್ಲ ಓದಿದ್ದೆವು. ಅಪ್ಪ ತಮ್ಮ ಇನಿಷಿಯಲ್ಲು ನೋಡಿಕೊಂಡರು. ನರಸೀಪುರದ ದೊಡ್ಡಪ್ಪ ತಮ್ಮ ಹೆಸರು ಎಲ್ಲರಿಗಿಂತ ಮೇಲಿದೆಯೇ ಎಂದು ನೋಡಿಕೊಂಡರು. ನಾನು ನನ್ನ ಬಿ.ಎಡ್. ಬಿಟ್ಟುಹೋಗಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಸಂಜೆ ಮನೆಗೆ ಬಂದು ಹೇಳಿದರೆ ಅಮ್ಮ, "ನಮ್ಮಣ್ಣ ಇಲ್ದೆ ಮದ್ವೆ ಆಯ್ತದಾ? ಅದ್ನೂ ಬಾಯ್ಬುಟ್ಟು ಯೋಳ್ಬೇಕಿತ್ತಾ?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮಾರನೆಯ ದಿನವೇ ಮೂಗೂರಿಗೆ ಹೋದೆ. ಮಾವ ಜಗುಲಿಯ ಮೇಲೆ ಎಲೆಅಡಿಕೆ ಹಾಕುತ್ತಾ ಕೂತಿದ್ದರು. "ಬಾರಯ್ಯ ಮೇಷ್ಟ್ರೇ," ಎಂದು ಪ್ರೀತಿಯಿಂದಲೇ ಕರೆದರು. ಒಳಗೆ ಎಷ್ಟು ನೊಂದಿದ್ದಾರೋ ಎಂದುಕೊಂಡು ನಾನು ಕೂರುವ ಮೊದಲೇ, "ಮಾವ, ಕಾರ್ಡು ನೋಡಿ ಬೇಜಾರು ಮಾಡ್ಕೋಬೇಡಿ. ನಿಮ್ಮ ಹೆಸರು ಬೇಕೂಂತ ಬಿಟ್ಟಿದ್ದಲ್ಲ," ಎಂದೆ. ಮಾವ ನನ್ನ ಮುಖ ನೋಡಿದರು. "ಕಾರ್ಡಾ? ಅದ ಯಾರು ಓದ್ತಾರೆ? ದಿನ ಯಾವ್ದು ಅಂತ ಬಾವನೇ ಬಾಯಲ್ಲಿ ಯೋಳವ್ರೆ." ಆಮೇಲೆ ಎಲೆ ಜಗಿಯುವುದು ನಿಂತಿತು. "ಏನಂದೆ? ಬುಟ್ಟೋಗದಾ? ಲೇ ಇವ್ಳೇ, ನನ್ ಕನ್ನಡಕವ ತಕ್ಕೊಬಾ!"

ಅತ್ತೆ ಕನ್ನಡಕ ತಂದರು, ಟೀವಿ ಮೇಲಿದ್ದ ಕಾರ್ಡನ್ನೂ ತಂದರು. ಮೇಲಿನ ದೇವರ ಹೆಸರಿನಿಂದ ಹಿಡಿದು ತಳದಲ್ಲಿದ್ದ ಪ್ರೆಸ್ಸಿನ ಹೆಸರಿನವರೆಗೆ ಮಾವ ಅಕ್ಷರಕ್ಕೆ ಬೆರಳಿಟ್ಟು ಓದಿದರು. ಓದು ಇಷ್ಟು ಭಯಾನಕವಾಗಿರಬಹುದೆಂದು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಕೊನೆಗೆ, "ಮದ್ವೆಗೆ ಬತ್ತೀನಿ ಕಣಯ್ಯ. ತಂಗಿ ಮಗ್ಳು, ಬರ್ದೇ ಇರಕ್ಕಾಯ್ತದಾ? ಆದ್ರೆ ಈ ಕಾರ್ಡಲ್ಲಿ ನನ್ನೆಸ್ರು ನೀನೇ ಬರ್ಕೊಡು," ಎಂದರು. ಬದುಕಿದೆಯಾ ಬಡಜೀವವೇ ಎಂದು ಪೆನ್ನು ತೆಗೆದೆ. ಎಲ್ಲಿ ಬರೆಯಲಿ ಎಂದರೆ, "ಮ್ಯಾಲೆ" ಎಂದರು. ದೊಡ್ಡಪ್ಪನ ಹೆಸರಿನ ಮೇಲೆ ದುಂಡಗೆ ಬರೆದುಕೊಟ್ಟೆ.

ಮಾತಿನಂತೆ ಮಾವ ಬಂದರು, ಹೆಣ್ಣನ್ನು ಮಂಟಪಕ್ಕೆ ಕರೆತಂದರು. ಧಾರೆ ಸಾಂಗವಾಗಿ ಆಯಿತು, ಅಮ್ಮ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಮಾವ ಜೇಬಿನಿಂದ ಆ ಕಾರ್ಡು ತೆಗೆದು, "ನೋಡಿ, ನಮ್ಮ ಮೇಷ್ಟ್ರು ಕೈಯಾರೆ ಬರ್ದವ್ನೆ," ಎಂದು ಕಂಡಕಂಡವರಿಗೆ ತೋರಿಸತೊಡಗಿದರು. ನೋಡಿದವರು ತಮ್ಮ ತಮ್ಮ ಕಾರ್ಡು ಹುಡುಕಿ ತೆಗೆದರು. ತಮ್ಮ ಹೆಸರೇಕಿಲ್ಲ ಎಂದು ಕೆಲವರು, ಇದ್ದದ್ದು ಕೆಳಗೇಕಿದೆ ಎಂದು ಕೆಲವರು. "ನನ್ ಮ್ಯಾಲೆ ಬರ್ದೋನು ಯಾವನ್ಲಾ ಅವ್ನು?" ಎಂಬ ದೊಡ್ಡಪ್ಪನ ದನಿ ವಾಲಗವನ್ನೂ ಮೀರಿಸಿ ಕೇಳಿಸಿತು. ಛತ್ರದ ತುಂಬ ಜನ ಒಂದೇ ಬರಹವನ್ನು ಸಾಲು ಬಿಡದೆ ಓದುತ್ತಿದ್ದರು, ವಿಶ್ಲೇಷಿಸುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ಓದು ಕಲಿಸುವವನ ಬಾಳಿನಲ್ಲಿ ಅದಕ್ಕಿಂತ ಸಾರ್ಥಕವಾದ ದಿನ ಇನ್ನೊಂದಿರಲಾರದು. ನಾನು ಮಾತ್ರ ಅದನ್ನು ಕಣ್ಣಾರೆ ನೋಡಲಿಲ್ಲ. ಉಗ್ರಾಣದಲ್ಲಿ ತೆಂಗಿನಕಾಯಿ ಮೂಟೆಗಳ ಹಿಂದೆ ಕೂತಿದ್ದೆ.