ಬಾತುಮರಿಯ ಹಿಂದಿನ ಸೀಟು

ಐವತ್ತೆಂಟು ವರ್ಷದ ಥ್ರಾಸಿವೂಲೋಸನಿಗೆ ಇದ್ದದ್ದು ಒಂದೇ ಕೊರಗು: ತನ್ನ ಹೆಸರು ತನ್ನ ಜೊತೆಗೇ ಮಣ್ಣಾಗುತ್ತದಲ್ಲ ಎಂದು. ಮಕ್ಕಳಿಲ್ಲದ ಮೇಲೆ ಮೊಮ್ಮಕ್ಕಳು ಎಲ್ಲಿಂದ ಬರಬೇಕು? ಮೊಮ್ಮಕ್ಕಳಿಲ್ಲದ ಮೇಲೆ ಅಜ್ಜನ ಹೆಸರು ಇಟ್ಟುಕೊಳ್ಳುವವರು ಯಾರು? ದ್ವೀಪದ ಬಂದರಿನ ಕಾಫಿ ಅಂಗಡಿಯಲ್ಲಿ ಈ ಮಾತನ್ನು ಅವನು ಎಷ್ಟು ಸಲ ಎತ್ತಿದ್ದನೆಂದರೆ, ಅವನು ಕುರ್ಚಿ ಎಳೆದ ಕೂಡಲೇ ಉಳಿದವರಿಗೆಲ್ಲ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಹೀಗಿರುವಾಗ ಬೆಟ್ಟದ ಮೇಲಿನ ಹಳ್ಳಿಯಲ್ಲಿದ್ದ ಅವನ ತಂಗಿಯ ಮಗ ಪಾಂಡೆಲಿಸನಿಗೆ ಮೂರನೆಯ ಗಂಡುಮಗು ಹುಟ್ಟಿತು. ಮೊದಲ ಎರಡಕ್ಕೆ ಅಜ್ಜಂದಿರ ಹೆಸರು ಹಂಚಿ ಮುಗಿದಿತ್ತು. ಮೂರನೆಯದಕ್ಕೆ, ಆ ಹಳ್ಳಿಯ ವಾಡಿಕೆಯಂತೆ, ಜ್ಞಾನಸ್ನಾನದ ಕೊಪ್ಪರಿಗೆಯ ಮುಂದೆ ಮಗುವನ್ನು ಹಿಡಿದು ನಿಲ್ಲುವ ಧರ್ಮಪಿತ ಯಾವ ಹೆಸರು ಹೇಳುತ್ತಾನೋ ಅದೇ ಹೆಸರು. ಹೆತ್ತವರೂ ಅಲ್ಲೇ ಕೇಳಿ ತಿಳಿಯಬೇಕು. ಧರ್ಮಪಿತ ನೀವೇ ಆಗಬೇಕು ಮಾವ ಎಂದು ಪಾಂಡೆಲಿಸ್ ಫೋನ್ ಮಾಡಿದ ದಿನದಿಂದ ಥ್ರಾಸಿವೂಲೋಸನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾವ ಹೆಸರು ಇಡುತ್ತೇನೆಂದು ಯಾರಿಗೂ ಬಾಯಿಬಿಡಲಿಲ್ಲ. (ಹೆಂಡತಿ ಗರುಫಲ್ಯಾಗೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಗಡ್ಡ ಹೆರೆಯುವ ಕನ್ನಡಿಯ ಮುಂದೆ ಗಂಟಲು ಸರಿಮಾಡಿಕೊಂಡು ತನ್ನ ಹೆಸರನ್ನು ತಾನೇ ಗಂಭೀರವಾಗಿ ಕೂಗಿ ನೋಡುತ್ತಿದ್ದ, ಅಷ್ಟೆ. ಅವಳೇನು ಕಿವುಡಿಯಲ್ಲ.)

ಜ್ಞಾನಸ್ನಾನದ ಭಾನುವಾರ ಬೆಳಿಗ್ಗೆ ಒಂದು ತೊಡಕು ಎದ್ದಿತು. ಬಸ್ಸಿನ ಡ್ರೈವರನಿಗೂ ಆ ಊಟಕ್ಕೆ ಕರೆ ಇತ್ತಾದ್ದರಿಂದ ಅವನು ಹಿಂದಿನ ದಿನವೇ ಬಸ್ಸು ಸಮೇತ ಮೇಲೆ ಹೋಗಿ ಕೂತಿದ್ದ. ಎದುರುಮನೆಯ ಸ್ಟಮಾಟಿಸ್ ತನ್ನ ಪಿಕಪ್‌ನಲ್ಲಿ ಬನ್ನಿ ಎಂದು ಕರೆದ. ಅದರ ಹಿಂದೆ ಆರು ಆಡುಗಳಿದ್ದವು. ಧರ್ಮಪಿತ ಅನ್ನಿಸಿಕೊಂಡವನು ಆಡುಗಳ ಜೊತೆ ಬಂದು ಇಳಿಯುವುದೇ? ಅದೂ ಮನೆಯಲ್ಲಿ ಸ್ವಂತ ಬಾತುಮರಿ ಇರುವಾಗ?

ಬಾತುಮರಿ ಎಂದರೆ ಐವತ್ತು ಸಿ.ಸಿ.ಯ ಪುಟ್ಟ ಬೈಕು. ದ್ವೀಪದವರೆಲ್ಲ ಅದನ್ನು ಕರೆಯುವುದೇ ಹಾಗೆ. ಥ್ರಾಸಿವೂಲೋಸನ ಬಾತುಮರಿಗೆ ಇಪ್ಪತ್ತೇಳು ವರ್ಷ. ಬಂದರಿನಿಂದ ತೋಟಕ್ಕೆ, ತೋಟದಿಂದ ಬಂದರಿಗೆ ಅವನೊಬ್ಬನನ್ನೇ ಹೊತ್ತು ಅದಕ್ಕೆ ರೂಢಿ. ಹಿಂದಿನ ಸೀಟಿನಲ್ಲಿ ಅದುವರೆಗೆ ಕೂತದ್ದು ಟೊಮೆಟೊ ಬುಟ್ಟಿ ಮಾತ್ರ. ಗರುಫಲ್ಯಾ ಬೈಕಿಗೆ ಒಂದು ಸುತ್ತು ಬಂದು ನೋಡಿದಳು.

"ಇದ್ರ ಮೇಲೆ ನಾನು ಕೂತ್ರೆ, ನೀನೆಲ್ಲಿ ಕೂರ್ತೀಯ ಮಾರಾಯ?"

ಥ್ರಾಸಿವೂಲೋಸ್ ಸವಾರಿಶಾಸ್ತ್ರದ ಪ್ರವಚನ ಶುರುಮಾಡಿದ. ತಿರುವಿನಲ್ಲಿ ಅವನು ಯಾವ ಕಡೆ ವಾಲುತ್ತಾನೋ ಅವಳೂ ಆ ಕಡೆಗೇ ವಾಲಬೇಕು. ದಾರಿಯಲ್ಲಿ ಸಿಕ್ಕವರಿಗೆ ಕೈ ಬೀಸಬಾರದು. ಮಾತಾಡಕೂಡದು; ತೀರಾ ಅಗತ್ಯವಿದ್ದರೆ ಭುಜ ತಟ್ಟಬಹುದು. ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು. ಅವಳು ಎಲ್ಲದಕ್ಕೂ ತಲೆಯಾಡಿಸಿ, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಳು. ಧರ್ಮಪಿತ ತರಬೇಕಾದ ಸಾಮಾನೆಲ್ಲ ಅದರಲ್ಲಿತ್ತು: ಮಗುವಿನ ಹೊಸಬಟ್ಟೆ, ಚಿನ್ನದ ಶಿಲುಬೆ, ಎಣ್ಣೆಯ ಸೀಸೆ, ಟವೆಲ್ಲು. ಮಗುವಿಗಿಂತ ಉದ್ದವಾದ, ರಿಬ್ಬನ್ ಸುತ್ತಿದ ಮೇಣದಬತ್ತಿ ಮಾತ್ರ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಅದನ್ನು ಬಂದೂಕಿನ ಹಾಗೆ ಹೆಗಲಿಗೆ ಆನಿಸಿಕೊಂಡಳು.

ಮೊದಲ ತಿರುವಿನಲ್ಲೇ ಶಾಸ್ತ್ರ ಮಣ್ಣುಪಾಲಾಯಿತು. ಅವನು ಎಡಕ್ಕೆ ವಾಲಿದ, ಅವಳು ಬಲಕ್ಕೆ ವಾಲಿದಳು. ಕೇಳಿದ್ದಕ್ಕೆ, ನೀನು ಬೀಳೋ ಕಡೆಗೆ ನಾನ್ಯಾಕೆ ಬೀಳಲಿ ಎಂದಳು. ಕೈ ಬೀಸಬಾರದು ಎಂದಿದ್ದನಲ್ಲ, ಬೀಸಲಿಲ್ಲ; ಗುರುತಿನವರು ಕಂಡಾಗಲೆಲ್ಲ ಮೇಣದಬತ್ತಿ ಬೀಸಿದಳು, ಅದು ಪ್ರತಿ ಸಲವೂ ಅವನ ಹೆಲ್ಮೆಟ್ಟಿಗೆ ಬಡಿಯಿತು. ಸೇತುವೆಯ ಹತ್ತಿರ ಭುಜದ ಮೇಲೆ ಎರಡು ಪೆಟ್ಟು ಬಿತ್ತೆಂದು ಅವನು ಗಾಬರಿಯಿಂದ ಬ್ರೇಕು ಒತ್ತಿದ. ಅವಳು ಅವನ ಕೋಟಿನ ಮೇಲಿನ ಹೊಟ್ಟು ಕೊಡವಿದ್ದಳಂತೆ, ಅಷ್ಟೆ.

ಆಮೇಲೆ ಏರು ಬಂತು. ಬಾತುಮರಿ ನರಳಿತು, ಕೆಮ್ಮಿತು, ಹೊಗೆ ಬಿಟ್ಟಿತು. ದಾರಿಬದಿಯಲ್ಲಿ ಸೊಪ್ಪು ಕೀಳುತ್ತಿದ್ದ ಮುದುಕಿಯೊಬ್ಬಳು ಅವರನ್ನು ಕಂಡು ಪಕ್ಕದಲ್ಲೇ ನಡೆಯುತ್ತ, ಎರಡೂ ಮನೆಯವರ ಆರೋಗ್ಯ ಒಬ್ಬೊಬ್ಬರದಾಗಿ ವಿಚಾರಿಸಿ, ಕೆಲಸವಿದೆಯೆಂದು ಹೇಳಿ ಅವರನ್ನು ಹಿಂದೆ ಹಾಕಿ ಹೊರಟುಹೋದಳು. ಮೇಲಿಂದ ಚರ್ಚಿನ ಗಂಟೆ ಕೇಳಿಸಿತು. ಪಾದ್ರಿಗಳಿಗೆ ಹನ್ನೆರಡಕ್ಕೆ ಪಕ್ಕದೂರಿನಲ್ಲಿ ಇನ್ನೊಂದು ಮಗುವಿನ ಜ್ಞಾನಸ್ನಾನವಿತ್ತು, ಅವರು ಕಾಯುವವರಲ್ಲ.

"ಗರುಫಲ್ಯಾ, ಈ ತಿರುವು ದಾಟೋ ತನಕ ಒಂಚೂರು ಇಳೀತೀಯಾ?"

"ಯಾಕೆ?"

"ಭಾರ ಕಣೇ. ಗಾಡಿಗೆ."

"ಗಾಡಿಗೋ, ನಿನಗೋ?" ಎನ್ನುತ್ತ ಅವಳು ಇಳಿದಳು.

ಇಳಿದದ್ದೇ ತಡ, ಹಗ್ಗ ಬಿಚ್ಚಿದ ಕರುವಿನ ಹಾಗೆ ಬಾತುಮರಿ ಹಾರಿತು. ಏರಿನಲ್ಲಿ ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲ. ಮೇಲೆ ಕಾಯುತ್ತೇನೆಂದು ಅವನು ತಿರುಗದೆಯೇ ಕೂಗಿದ. ಮೇಲೆ ತಲುಪಿದಾಗ ಜ್ಞಾನಸ್ನಾನದ ಹೊತ್ತಾದ ಹನ್ನೊಂದಕ್ಕೆ ಐದೇ ನಿಮಿಷವಿತ್ತು. ಹೇಗೂ ಅವಳು ನಿಧಾನವಾಗಿ ನಡೆದು ಬರುತ್ತಾಳೆ, ತಾನು ಮುಖ ತೋರಿಸಿ ಬಂದುಬಿಡೋಣ ಎಂದು ಮುಂದೆ ಹೊರಟ. ಬೈಕು ಎಷ್ಟು ಹಗುರವಾಗಿ ಓಡುತ್ತಿದೆ ಎಂದು ದಾರಿಯುದ್ದಕ್ಕೂ ಹಿಗ್ಗಿದ.

ಚರ್ಚಿನಲ್ಲಿ ಎಲ್ಲರೂ ಸೇರಿದ್ದರು. ಕೊಪ್ಪರಿಗೆಯಲ್ಲಿ ಬೆಚ್ಚಗಿನ ನೀರು ತುಂಬಿತ್ತು. ಪಾದ್ರಿ ಪಾಪಾ-ಫೋಟಿಸ್ ಕೈ ಚಾಚಿ ಎಣ್ಣೆ ಕೇಳಿದರು. ಥ್ರಾಸಿವೂಲೋಸ್ ಜೇಬು ತಡಕಿದ. ಬಾಚಣಿಗೆ ಸಿಕ್ಕಿತು. ಶಿಲುಬೆ ಕೇಳಿದರು, ಮೇಣದಬತ್ತಿ ಕೇಳಿದರು.

"ಎಲ್ಲಾ ಹಿಂದಿನ ಸೀಟಲ್ಲಿದೆ ಗುರುಗಳೇ," ಎಂದ ಅವನು.

ಇಡೀ ಚರ್ಚು ಬಾಗಿಲ ಕಡೆ ತಿರುಗಿ ಹಿಂದಿನ ಸೀಟನ್ನು ನೋಡಿತು. ಅವನೂ ನೋಡಿದ.

ಬಿದ್ದೆನೋ ಕೆಟ್ಟೆನೋ ಎಂದು ವಾಪಸು ಓಡಿದ. ತಿರುವಿನಲ್ಲಿ ಅವಳಿಲ್ಲ. ಒಂದು ತುಂಡು ರಿಬ್ಬನ್ ಮಾತ್ರ ಮುಳ್ಳುಗಿಡಕ್ಕೆ ಸಿಕ್ಕಿಕೊಂಡಿತ್ತು. ಗರುಫಲ್ಯಾ ಎಂದು ಕಣಿವೆಗೆ ನಾಲ್ಕು ಸಲ ಕೂಗಿದ. ಈಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಮೂವತ್ತೊಂದು ವರ್ಷ ಸಂಸಾರ ಮಾಡಿದವನಿಗೆ ಅವಳ ಸಿಟ್ಟು ಗೊತ್ತಿಲ್ಲವೇ? ಕೋಪ ಮಾಡಿಕೊಂಡು ಮನೆಗೇ ಇಳಿದುಹೋಗಿದ್ದಾಳೆಂದು ತೀರ್ಮಾನಿಸಿ ಬಂದರಿನವರೆಗೂ ಇಳಿದ. ಬಾಗಿಲಿಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಮತ್ತೆ ಏರು ಹತ್ತಿದ. ಅಷ್ಟು ಹೊತ್ತಿಗೆ ಬಾತುಮರಿಗೆ ಒಬ್ಬನೇ ಕೂತರೂ ಭಾರವಾಗುತ್ತಿತ್ತು. ಕೊನೆಯ ಎರಡು ತಿರುವು ಅವನೇ ಅದನ್ನು ತಳ್ಳಿದ.

ಚರ್ಚಿನ ಅಂಗಳದಲ್ಲಿ ಆಗಲೇ ಶಾಸ್ತ್ರವೆಲ್ಲ ಮುಗಿದು ಸಕ್ಕರೆ ಬಾದಾಮಿ ಹಂಚುತ್ತಿದ್ದರು. ನಡೆದದ್ದನ್ನು ಪಾಂಡೆಲಿಸ್ ತಲೆ ಕೆರೆದುಕೊಳ್ಳುತ್ತ ಹೇಳಿದ. ಗರುಫಲ್ಯಾಳನ್ನು ಸ್ಟಮಾಟಿಸ್ ತನ್ನ ಪಿಕಪ್‌ಗೆ ಹತ್ತಿಸಿಕೊಂಡು, ಆಡು ಇಳಿಸಲೆಂದು ಹಳೇ ಮಣ್ಣುರಸ್ತೆಯಲ್ಲಿ ಕರೆದು ತಂದಿದ್ದ. ಅವಳು ಬಂದಾಗ ಪಾದ್ರಿಗಳು ಗಡಿಯಾರ ನೋಡಿ, ಎಣ್ಣೆ ತಂದವರೇ ಮಗು ಹಿಡಿಯಲಿ, ನನಗೆ ಹೊತ್ತಾಯಿತು ಎಂದರಂತೆ. ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ಪಡುವಣಕ್ಕೆ ತಿರುಗಿ ಸೈತಾನನ ಮುಖಕ್ಕೆ ಉಗಿಯುವ ಶಾಸ್ತ್ರವಿದೆಯಲ್ಲ, ಚರ್ಚಿನ ಪಡುವಣ ಬಾಗಿಲು ಥ್ರಾಸಿವೂಲೋಸ್ ಬೈಕಿನಲ್ಲಿ ಇಳಿದುಹೋದ ರಸ್ತೆಯ ಕಡೆಗೇ ತೆರೆಯುತ್ತಿತ್ತು. ಪಾದ್ರಿಗಳು ಒಂದು ಸಲ ಉಗಿ ಎಂದರೆ ಅವಳು ಮೂರು ಸಲ ಉಗಿದಳಂತೆ. ಇಷ್ಟು ಮನಸ್ಸಿಟ್ಟು ಉಗಿದವರನ್ನು ನಾನು ಕಂಡಿಲ್ಲವೆಂದು ಪಾದ್ರಿಗಳೇ ಮೆಚ್ಚಿಕೊಂಡರಂತೆ.

"ಅದಿರ್ಲಿ. ಹೆಸರು?" ಎಂದು ಥ್ರಾಸಿವೂಲೋಸ್ ಕೇಳಿದ.

"ಲೂಕಾಸ್, ಮಾವ."

ಲೂಕಾಸ್ ಎಂದರೆ ಗರುಫಲ್ಯಾಳ ತೀರಿಹೋದ ಅಪ್ಪ. ಆ ಮನುಷ್ಯನಿಗೂ ಇದ್ದದ್ದು ಇವಳೊಬ್ಬಳೇ ಮಗಳು. ಅವನ ಹೆಸರಿಗೂ ಮೊಮ್ಮಗನಿಲ್ಲ ಎಂಬುದು, ಕಾಫಿ ಅಂಗಡಿಯಲ್ಲಿ ಅಷ್ಟು ವರ್ಷ ಕೊರಗಿದ ಥ್ರಾಸಿವೂಲೋಸನಿಗೆ ಹೊಳೆದದ್ದು ಅಂಗಳದಲ್ಲಿ ಹೀಗೆ ನಿಂತಾಗ. ಹೊಳೆದು ಒಂದಿಷ್ಟು ನಾಚಿಕೆಯೂ ಆಯಿತು. ಆದರೂ ಹೊಟ್ಟೆಯುರಿ ತಡೆಯಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಹೆಂಡತಿಯ ಹತ್ತಿರ ಹೋಗಿ, ಯಾರಿಗೂ ಕೇಳದ ಹಾಗೆ ಬಗ್ಗಿದ.

"ನನ್ನ ಹೆಸರು ಏನಾಯ್ತೇ? ನಿಂಗೆ ಗೊತ್ತಿತ್ತು ತಾನೆ?"

"ಗೊತ್ತಿಲ್ದೆ ಏನು? ಬಾಯಿ ತುದಿವರೆಗೂ ಬಂದಿತ್ತು." ಅವಳು ಮಗುವಿನ ಟೋಪಿ ಸರಿಮಾಡಿದಳು. "ಆದ್ರೆ ಎಳೇ ಕೂಸು ನೋಡು, ಇನ್ನೂ ಎಷ್ಟು ಏರು ಹತ್ಬೇಕೋ ಏನೋ. ಭಾರ ಆಗತ್ತೆ ಅಂತ ನಿನ್ನ ಹೆಸರನ್ನ ಆ ತಿರುವಲ್ಲೇ ಇಳಿಸಿ ಬಂದೆ. ನಿಧಾನಕ್ಕೆ ನಡ್ಕೊಂಡು ಬರತ್ತೆ ಬಿಡು."