ಅತ್ತೆಯ ಕಣ್ಣು, ಗಾಜುಗಣ್ಣನ ಪ್ರಾಣ

ನಾಯಕ ಗೆಲ್ಲಲಿ ಎಂದು ಹಾರೈಸುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ನಾವು ಹಾರೈಸಿದರೂ ಬಿಟ್ಟರೂ ಅವನು ಗೆದ್ದೇ ಗೆಲ್ಲುತ್ತಾನೆ. ಖಳನಾಯಕ ಹೇಗಾದರೂ ಬದುಕಿಕೊಳ್ಳಲಿ ಎಂದು ಎದೆ ಹೊಡೆದುಕೊಳ್ಳುತ್ತಾ ಕೂರುವುದಿದೆಯಲ್ಲ, ಅದು ಕಷ್ಟದ ಕೆಲಸ. ಕಳೆದ ಬೇಸಿಗೆ ರಜೆಯಲ್ಲಿ ನನ್ನ ಪಾಲಿಗೆ ಬಂದದ್ದು ಅದೇ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು ನಾನು. ಪಾಠದ ಪುಸ್ತಕದೊಳಗೆ ಕಾಮಿಕ್ಸ್ ಇಟ್ಟುಕೊಂಡು ಓದುವ ಮಕ್ಕಳಿಗೆ ನನ್ನ ಕಣ್ಣೇ ಮುಳ್ಳು. ಅಂಥವಳು ಒಬ್ಬ ಕಾಮಿಕ್ಸ್ ರಾಕ್ಷಸನ ಪ್ರಾಣಕ್ಕಾಗಿ ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡದ್ದು ಹೇಗೆಂದು ಹೇಳುತ್ತೇನೆ.

ನಮ್ಮದು ದಂಡಿನಶಿವರದ ಹತ್ತಿರದ ತೆಂಗಿನ ತೋಟದ ಮನೆ. ನಮ್ಮತ್ತೆ ರಂಗಮ್ಮನವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ತಿಪಟೂರಿನಲ್ಲಿ ಮೊದಲು ಬಲಗಣ್ಣಿನದನ್ನು ತೆಗೆಸಿದೆವು. ಡಾಕ್ಟರು ಬಗ್ಗಬೇಡಿ, ಭಾರ ಎತ್ತಬೇಡಿ, ಧೂಳಿಗೂ ಹೊಗೆಗೂ ಹೋಗಬೇಡಿ, ಕೆಲವು ವಾರ ಸುಮ್ಮನೆ ಕೂತಿರಿ ಎಂದರು. ಅತ್ತೆ ದೊಡ್ಡದಾಗಿ ತಲೆಯಾಡಿಸಿ ಬಂದರು. ಸುಮ್ಮನೆ ಕೂರುವುದೊಂದನ್ನು ಬಿಟ್ಟು ಜಗತ್ತಿನ ಎಲ್ಲ ಕೆಲಸವನ್ನೂ ಮಾಡಬಲ್ಲ ಹೆಂಗಸು ಅವರು ಎಂಬುದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಮನೆಗೆ ಬಂದ ಮಾರನೆಯ ಬೆಳಿಗ್ಗೆಯೇ, ಕಪ್ಪು ಕನ್ನಡಕ ಹಾಕಿಕೊಂಡು ತೋಟದಲ್ಲಿ ತಡವರಿಸುತ್ತಾ, ಉದುರಿದ ಕಾಯಿಗೆ ಬಗ್ಗುತ್ತಿದ್ದವರನ್ನು ನಾನು ಹಿಡಿದು ತಂದೆ. ಕಾಯಿ ಬಿದ್ದ ಸದ್ದು ಕೇಳಿದ ಮೇಲೂ ಮಲಗಿರುವವರು ಮನುಷ್ಯರೇ ಅಲ್ಲ ಎಂಬುದು ಅವರ ವಾದ. ಇದರ ಮೇಲೆ ಆ ವಾರವೇ ಕಾಯಿ ಕೀಳುವವರು ಬರುವವರಿದ್ದರು. ತಾವು ನಿಂತು ನೋಡದಿದ್ದರೆ ಎಳೆಗೊನೆಯನ್ನೂ ಇಳಿಸಿಬಿಡುತ್ತಾರೆ ಎಂದು ಅತ್ತೆ ಆಗಲೇ ಸೊಂಟ ಕಟ್ಟಿದ್ದರು. ಆ ಧೂಳಿನಲ್ಲಿ ಹೋಗಿ ನಿಂತರೆ ಕಣ್ಣಿನ ಗತಿಯೇನು?

ಅವರನ್ನು ಕೂರಿಸಲು ನಾನು ಮೊದಲು ಒಂದು ಒಳ್ಳೆಯ ಕಾದಂಬರಿ ತೆಗೆದು ಗಟ್ಟಿಯಾಗಿ ಓದಿದೆ. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಗೊರಕೆ ಕೇಳಿತು. ಗೆದ್ದೆ ಎಂದುಕೊಂಡು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಮಂಚ ಖಾಲಿ. ಆ ಗೊರಕೆ ನನ್ನನ್ನು ಅಲ್ಲಿಂದ ಎಬ್ಬಿಸಲು ಹೂಡಿದ ಆಟವಾಗಿತ್ತು. ಕೊನೆಗೆ ನಮ್ಮೆಜಮಾನರು ಕೊಬ್ಬರಿ ಅಟ್ಟ ಹತ್ತಿ, ಕಾಯಿರಾಶಿಯ ಹಿಂದಿನಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಅವರು ಹುಡುಗರಾಗಿದ್ದಾಗಿನ ಕಾಮಿಕ್ಸ್ ಪುಸ್ತಕಗಳು. ನಾನು ಮೂಗು ಮುರಿದೆ. ಆದರೂ ಬೇರೆ ದಾರಿ ಇರಲಿಲ್ಲ, ಓದತೊಡಗಿದೆ.

ನಾಯಕ ಸಿಡಿಲಗರುಡ. ಆಕಾಶದಲ್ಲಿ ಹಾರುತ್ತಾನೆ, ಬೆಟ್ಟ ಎತ್ತುತ್ತಾನೆ, ಊರು ಕಾಯುತ್ತಾನೆ. ಚಿತ್ರಗಳನ್ನು ನಾನೇ ಬಾಯಲ್ಲಿ ಬಿಡಿಸಿ ಹೇಳಬೇಕಿತ್ತು. ಬೆನ್ನಿಗೆ ಕೆಂಪು ವಸ್ತ್ರ ಕಟ್ಟಿಕೊಂಡಿದ್ದಾನೆ ಎಂದರೆ, ಚಳಿಗೋ ಸೋಕಿಗೋ ಎಂದು ಅತ್ತೆಯ ವಿಚಾರಣೆ. ಅವರಿಗೆ ಸಿಡಿಲಗರುಡ ಅಷ್ಟಾಗಿ ಹಿಡಿಸಲಿಲ್ಲ. ಆಗ ಗಾಜುಗಣ್ಣ ಬಂದ. ಕನ್ನಡಕದ ಮಸೂರ ಉಜ್ಜುವ ಬಡ ಕೆಲಸಗಾರ ಅವನು. ಸಿಡಿಲಗರುಡ ಯಾವನೋ ಕಳ್ಳನನ್ನು ಹಿಡಿಯಲು ಗೋಡೆ ಒಡೆದು ನುಗ್ಗಿದಾಗ, ಗಾಜಿನ ಚೂರು ಸಿಡಿದು ಇವನ ಒಂದು ಕಣ್ಣು ಹೋಯಿತು. ಊರೆಲ್ಲ ನಾಯಕನಿಗೆ ಹಾರ ಹಾಕಿತು. ಇವನನ್ನು ಯಾರೂ ಕೇಳಲಿಲ್ಲ. ಇವನು ತಾನೇ ಒಂದು ಗಾಜಿನ ಕಣ್ಣು ಮಾಡಿಕೊಂಡು, ಅದರಿಂದ ಬೆಂಕಿ ಉಗುಳುತ್ತಾ ಸೇಡಿಗೆ ಹೊರಟ.

ಅತ್ತೆ ದಿಂಬಿಗೆ ಒರಗಿದ್ದವರು ನೆಟ್ಟಗೆ ಕೂತರು. "ಆ ಹಾರೋನು ಬಂದು ಒಂದು ಮಾತು ಕೇಳ್ಬೋದಿತ್ತಲ್ವೇನೇ? ಕಣ್ಣು ಹೋದೋನ ಸಂಕಟ ಕಣ್ಣಿರೋರ್ಗೇನು ಗೊತ್ತು?" ಎಂದರು.

ಅಲ್ಲಿಂದ ಅವರು ಅಲುಗಾಡಲಿಲ್ಲ. ಪಕ್ಕದ ತೋಟದ ಜಯಮ್ಮ ಮಜ್ಜಿಗೆ ಕೇಳಲು ಬಂದವಳು, ಮಜ್ಜಿಗೆ ಮರೆತು ಕೂತಳು. ಅವಳು ಸಿಡಿಲಗರುಡನ ಕಡೆ. ಇಬ್ಬರಿಗೂ ಚುನಾವಣೆಯ ಹಾಗೆ ಪಕ್ಷಗಳಾದವು. ಕಣ್ಣಿಗೆ ಡ್ರಾಪ್ಸ್ ಎಂದರೆ ಮುಖ ತಿರುಗಿಸುತ್ತಿದ್ದ ಅತ್ತೆ, ಹೊಡೆದಾಟ ಬಂದಾಗ ತಾವಾಗಿಯೇ ಕತ್ತು ಹಿಂದಕ್ಕೆ ಹಾಕಿ, ಬೇಗ ಬಿಟ್ಟು ಮುಂದೆ ಓದು ಎನ್ನತೊಡಗಿದರು. ಮೊದಲ ಪುಸ್ತಕದ ಕೊನೆಯಲ್ಲಿ ಗಾಜುಗಣ್ಣ ಜಲಪಾತಕ್ಕೆ ಬಿದ್ದ. ಜಯಮ್ಮ ಗೆಲುವಿನಿಂದ ಸೆರಗು ಕೊಡವಿದಳು. ಅತ್ತೆ ಮಾತ್ರ, "ಹೆಣ ಸಿಕ್ತಾ?" ಎಂದು ಕೇಳಿದರು. ಸಿಗಲಿಲ್ಲ ಎಂದೆ. "ಹಂಗಾದ್ರೆ ಬತ್ತಾನೆ ಬುಡು," ಎಂದು ನಿಶ್ಚಿಂತೆಯಿಂದ ಮಲಗಿದರು. ಪೆಟ್ಟಿಗೆಯಲ್ಲಿ ಕೈಯಾಡಿಸಿದರೆ, ನಿಜವಾಗಿಯೂ ಮುಂದಿನ ಪುಸ್ತಕ ಸಿಕ್ಕಿಬಿಟ್ಟಿತು! ಮುಖಪುಟದ ತುಂಬ ಅವನದೇ ಉರಿಯುವ ಕಣ್ಣು, ಮೇಲೆ 'ಗಾಜುಗಣ್ಣ ಮತ್ತೆ ಬಂದ'. ಅದನ್ನು ಎರಡೆರಡು ಸಲ ಗಟ್ಟಿಯಾಗಿ ಓದಿ ಹೇಳಿದೆ. ಮಕ್ಕಳಿಂದ ಕಿತ್ತುಕೊಂಡ ಪುಸ್ತಕಗಳಲ್ಲಿ ಏನೇನಿತ್ತೋ ಎಂಬ ಹೊಟ್ಟೆಯುರಿ ಮೊದಲ ಸಲ ಶುರುವಾಯಿತು.

ಕಾಯಿ ಕೀಳುವವರು ಬಂದ ದಿನ ನಾವು ಆ ಪುಸ್ತಕದ ತುತ್ತತುದಿಯಲ್ಲಿದ್ದೆವು. ಹೊರಗೆ ಗೊನೆಗಳು ಧಪಧಪ ಬೀಳುತ್ತಿವೆ; ಒಳಗೆ ಉಕ್ಕಿನ ಕಾರ್ಖಾನೆಯ ಕುಲುಮೆಯ ಮೇಲೆ ಸಿಡಿಲಗರುಡ ಗಾಜುಗಣ್ಣನ ಕೊರಳಪಟ್ಟಿ ಹಿಡಿದು ನೇತಾಡಿಸುತ್ತಿದ್ದಾನೆ. ನಾನು ಪುಟ ತಿರುವಿದೆ. ಅಲ್ಲಿ ಪುಟವಿರಲಿಲ್ಲ. ಮುಂದಿನದನ್ನೆಲ್ಲ ಗೆದ್ದಲು ತಿಂದು ಮಣ್ಣು ಮಾಡಿತ್ತು. ಅತ್ತೆ ಹೊರಗಿನ ಸದ್ದಿಗೆ ಒಂದು ಕಿವಿ ಕೊಟ್ಟು, ಒಂದು ಕಾಲನ್ನು ಆಗಲೇ ಮಂಚದಿಂದ ಇಳಿಬಿಟ್ಟಿದ್ದರು. ಕಥೆ ಮುಗಿಯಿತು ಎಂದರೆ ಅವರು ತೋಟದಲ್ಲಿ, ಕಣ್ಣು ಧೂಳಿನಲ್ಲಿ. ನಾನು ಗೆದ್ದಲಿನ ಮಣ್ಣನ್ನೇ ದಿಟ್ಟಿಸುತ್ತಾ ಓದಿದೆ: ಅಷ್ಟರಲ್ಲಿ ಕೊರಳಪಟ್ಟಿ ಹರಿಯಿತು, ಗಾಜುಗಣ್ಣ ಸರಪಳಿಯೊಂದನ್ನು ಹಿಡಿದು ಜೋತಾಡಿ ಕಿಟಕಿಯಿಂದ ಹಾರಿದ! ಅತ್ತೆಯ ಕಾಲು ಮಂಚದ ಮೇಲಕ್ಕೆ ವಾಪಸು ಹೋಯಿತು.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಸಾಂಬಾರಿಗೆ ಒಗ್ಗರಣೆ ಹಾಕುತ್ತಾ ನಾಳೆಯ ಹೊಡೆದಾಟ ಕಟ್ಟುತ್ತಿದ್ದೆ; ಪಕ್ಕದ ಒಲೆಯಲ್ಲಿ ಹಾಲು ಉಕ್ಕಿ ಹೋದರೂ ಗೊತ್ತಾಗುತ್ತಿರಲಿಲ್ಲ. ಗಾಜುಗಣ್ಣ ಊರು ಬಿಟ್ಟು ಓಡಿದ, ಲಾರಿ ಹತ್ತಿ ಕಿಬ್ಬನಹಳ್ಳಿಯಲ್ಲಿ ಇಳಿದ, ತಿಪಟೂರಿನ ಒಂದು ಕೊಬ್ಬರಿ ಅಟ್ಟದಲ್ಲಿ ಅವಿತ. ಕೊಬ್ಬರಿ ಒಣಗಲೆಂದು ಅಟ್ಟದ ಕೆಳಗೆ ಒಲೆ ಹಚ್ಚುತ್ತಾರೆ, ಆ ಹೊಗೆಗೆ ಇರೋ ಒಂದು ಕಣ್ಣೂ ಹೋಗುತ್ತದೆ, ಬೇರೆಲ್ಲಾದರೂ ಇರಿಸು ಎಂದು ಅತ್ತೆ ಹೇಳಿದರು. ನಾನು ಹುರುಪಿನಲ್ಲಿ ಅವನನ್ನು ತಕ್ಷಣ ದಬ್ಬೇಘಟ್ಟದ ಕಾಲುವೆ ಪಕ್ಕದ ಪಂಪ್‌ಸೆಟ್ ಮನೆಗೆ ಸಾಗಿಸಿದೆ. ಒಮ್ಮೆ ಮಾತ್ರ ಎಲ್ಲ ಕೆಡುವುದರಲ್ಲಿತ್ತು. ಊಟಕ್ಕೆ ಕೂತ ನಮ್ಮೆಜಮಾನರು, ಆ ಪುಸ್ತಕ ತಮಗೆ ಬಾಯಿಪಾಠವೆಂದೂ ಕೊನೆಗೆ ಗಾಜುಗಣ್ಣ ಕುಲುಮೆಗೆ ಬಿದ್ದು ಎಂದೂ ಶುರು ಮಾಡಿದರು. ಅವರು ಬೇಡ ಬೇಡ ಎನ್ನುತ್ತಿದ್ದರೂ ಕುದಿಯುವ ಸಾರನ್ನು ಎಲೆ ತುಂಬಿ ಹರಿಯುವಷ್ಟು ಬಡಿಸಿದೆ. ಪಂಚೆ ಕೊಡವುತ್ತಾ ಎದ್ದವರು ಆಮೇಲೆ ಆ ವಿಷಯ ಎತ್ತಲಿಲ್ಲ.

ವಾರಗಳು ಕಳೆದವು. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಇಷ್ಟು ಚೆನ್ನಾಗಿ ಹೇಳಿದ ಮಾತು ಕೇಳುವ ರೋಗಿಯನ್ನು ತಾವು ಕಂಡಿಲ್ಲವೆಂದು ಹೊಗಳಿ ಹೊಸ ಕನ್ನಡಕ ಕೊಟ್ಟರು. ಮನೆಗೆ ಬಂದ ಅತ್ತೆ ಕಾಲು ತೊಳೆದವರೇ ಪುಸ್ತಕ ತರಿಸಿಕೊಂಡು, ಜಗಲಿಯ ಬೆಳಕಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಗೆದ್ದಲು ತಿಂದ ಜಾಗಕ್ಕೆ ಬಂದರು. ಜಯಮ್ಮನೂ ಅಲ್ಲೇ ಇದ್ದಳು. ನಾನು ಬಾಗಿಲಿಗೆ ಅಂಟಿಕೊಂಡು ನಿಂತೆ.

"ಇಲ್ಲಿಂದಾಚ್ಗೆ ಏನೂ ಇಲ್ವಲ್ಲೇ ಸುಮಾ," ಎಂದರು.

ನಾನು ಗೆದ್ದಲು, ಕಣ್ಣು, ಡಾಕ್ಟರು ಎಂದು ಏನೇನೋ ತೊದಲಿದೆ. ಅತ್ತೆ ಕನ್ನಡಕದ ಮೇಲಿಂದ ನೋಡಿದರು. ಕಥೆ ನಾನೇ ಕಟ್ಟುತ್ತಿದ್ದೇನೆಂದು ಅವರಿಗೆ ಅವತ್ತೇ ಗೊತ್ತಾಗಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಅವನು ಏನಾದ ಅಂತ ತಿಳಿಯಬೇಡವೇ ಎಂದು ನನ್ನನ್ನೇ ಕೇಳಿದರು. ಹೇಗೆ ಗೊತ್ತಾಯಿತು ಎಂದು ಕೇಳದೆ ಸುಮ್ಮನಿದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಕೇಳಿಬಿಟ್ಟೆ.

"ಅಲ್ಲಿಗಂಟ ಗಾಜುಗಣ್ಣ 'ಎಲೈ ಸಿಡಿಲಗರುಡ, ನಿನ್ನನ್ನು ಭಸ್ಮ ಮಾಡುವೆ' ಅಂತಿದ್ದ," ಎಂದರು ಅತ್ತೆ. "ಆಚ್ಗೆ ಬಂದೇಟ್ಗೆ, 'ಬೆಳಗಾದ್ರೆ ನಾನೊಬ್ಬನೇ ಸಾಯ್ಬೇಕು, ಈ ಮನೇಲಿ ಯಾರ್ಗೂ ಕಣ್ಣು ಕಾಣಲ್ಲ' ಅನ್ನಕ್ಕೆ ಸುರು ಮಾಡ್ದ. ಆ ಮಾತು ನಾನು ಎಲ್ಲೋ ಕೇಳಿದೀನಲ್ಲ ಅನ್ನುಸ್ತು."

ಜಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ತಲೆಯೆತ್ತದೆ ಒಳಗೆ ಹೋದೆ. ಅಡುಗೆಮನೆಯಲ್ಲಿ ನೋಡಿದರೆ, ನಮ್ಮೆಜಮಾನರು ಕಾಫಿ ಕುಡಿದ ಲೋಟವನ್ನು ತೊಳೆದ ಪಾತ್ರೆಗಳ ಮಧ್ಯೆ ಇಟ್ಟು ಹೋಗಿದ್ದರು. ಎಲ್ಲವನ್ನೂ ಮರೆತು, "ಈ ಮನೇಲಿ ಯಾರಿಗೂ..." ಎಂದು ದನಿಯೆತ್ತಿದವಳು, ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡೆ. ಆದರೆ ತಡವಾಗಿತ್ತು. ಜಗಲಿಯಿಂದ ಅತ್ತೆಯ ತಣ್ಣಗಿನ ದನಿ ಕೇಳಿಸಿತು:

"ಮತ್ತೆ ಬಂದ ಕಣೇ, ಜಯ."