ಮಾವನವರ ಕಾರಿಗೆ ಹಲ್ಲು ಕಟ್ಟಿದ್ದು

“ಹಲ್ಲಾದರೇನು, ಎಂಜಿನ್ನಾದರೇನು? ಕೆಟ್ಟಿದ್ದನ್ನ ಕೀಳ್ಬೇಕು, ಹೊಸದನ್ನ ಕೂರಿಸ್ಬೇಕು. ಅಷ್ಟೇ!”

ಹಲ್ಲಿನ ಡಾಕ್ಟರು ಹೀಗೆಂದು ಊಟದ ಮೇಜು ಗುದ್ದಿದ ರಭಸಕ್ಕೆ ಉಪ್ಪಿನ ಡಬ್ಬಿ ಮಗುಚಿಕೊಂಡಿತು. ಅವರ ಹೆಂಡತಿ ಉಪ್ಪು ಬಳಿದು ಡಬ್ಬಿಗೆ ತುಂಬುತ್ತಾ, “ಯಾರ ಎಂಜಿನ್ನು?” ಎಂದು ಕೇಳಿದರು.

“ನಿಮ್ಮಪ್ಪನ ಕಾರಿಂದು.”

ಉಪ್ಪಿನ ಡಬ್ಬಿ ಇನ್ನೊಮ್ಮೆ ಮಗುಚಿತು. ಈ ಸಲ ಡಾಕ್ಟರು ಗುದ್ದಿರಲಿಲ್ಲ.

ಆ ಕಾರು ಡಾಕ್ಟರ ಹೆಂಡತಿಗಿಂತ ವಯಸ್ಸಿನಲ್ಲಿ ದೊಡ್ಡದು. ದುಂಡು ದೀಪಗಳು, ಉಬ್ಬಿದ ಕೆನ್ನೆಗಳು, ಮೂತಿಯ ಮೇಲೆ ಸಾಲಾಗಿ ಫಳಫಳ ಹೊಳೆಯುವ ಉಕ್ಕಿನ ಪಟ್ಟಿಗಳು. ದೂರದಿಂದ ನೋಡಿದರೆ ಒಂದು ಹಲ್ಲೂ ಬಿದ್ದಿಲ್ಲದ ಅಜ್ಜಿಯೊಬ್ಬಳು ನಗುತ್ತಾ ಬರುತ್ತಿರುವ ಹಾಗೆ ಕಾಣುತ್ತಿತ್ತು. ಮಾವನವರು ಅದನ್ನು ಎಲ್ಲರಿಗೂ “ನಮ್ಮ ಹಿರೀ ಮಗಳು” ಎಂದೇ ಪರಿಚಯ ಮಾಡಿಕೊಡುತ್ತಿದ್ದರು. ಕಿರೀ ಮಗಳನ್ನು ಡಾಕ್ಟರ ಕೈಗೆ ಒಪ್ಪಿಸುವಾಗ ಅವರ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಹಿರೀ ಮಗಳ ಬೀಗದ ಕೈಯನ್ನು ಮಾತ್ರ ಮದುವೆಯಾದಂದಿನಿಂದ ಇಲ್ಲಿಯವರೆಗೂ ಅಳಿಯನಿಗೆ ಮುಟ್ಟಿಸಿರಲಿಲ್ಲ. ಡಾಕ್ಟರಿಗೆ ಹಿಂದಿನ ಸೀಟಿನ ಭಾಗ್ಯವಷ್ಟೇ, ಅದೂ ಚಪ್ಪಲಿ ಕೊಡವಿಕೊಂಡು!

ಹೀಗಿರುವಾಗ ಮಾವನವರ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆಂದು ಪರವೂರಿನಲ್ಲಿದ್ದ ಮಗನ ಮನೆಗೆ ಹೊರಟರು. ಬಸ್ಸು ಹತ್ತುವ ಮುಂಚೆ ಬೀಗದ ಕೈಯನ್ನು ಕೊನೆಗೂ ಅಳಿಯನ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ತಾವೇ ಮಡಿಸಿದರು.

“ಅಳಿಯಂದ್ರೇ, ಗಾಡೀನ ಸ್ವಲ್ಪ ನೋಡ್ಕೊಳ್ಳಿ. ಆಗಾಗ ಒಂದು ಸುತ್ತು ಓಡಿಸಿ. ಹೊರಡೋ ಮುಂಚೆ ನಲ್ಲಿ ಬಿಡೋದು ಮಾತ್ರ ಮರೀಬೇಡಿ!”

“ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ ಮಾವ!” ಎಂದರು ಡಾಕ್ಟರು, ಎದೆಯುಬ್ಬಿಸಿ.

ಮಾವನವರು ನೀರು ಸರಬರಾಜು ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ನೀರೆಂದರೆ ಪ್ರಾಣ. ಕಾರನ್ನು ಸ್ನಾನ ಮಾಡಿಸದೆ ರಸ್ತೆಗಿಳಿಸಬಾರದು ಎಂಬುದು ಅವರ ಆಜ್ಞೆ ಎಂದು ಗಂಡ ಹೆಂಡತಿ ಇಬ್ಬರೂ ಅರ್ಥ ಮಾಡಿಕೊಂಡರು. ಮರುದಿನವೇ ಡಾಕ್ಟರು ಪ್ಯಾಂಟು ಮಡಚಿ, ಅಂಗಳದ ನಲ್ಲಿ ಬಿಟ್ಟು, ಪೈಪು ಹಿಡಿದು ಕಾರನ್ನು ಮಿರಿಮಿರಿ ಮಿಂಚುವ ಹಾಗೆ ತೊಳೆದರು. ಒಳಗೆ ಕೂತು ಕೀ ತಿರುಗಿಸಿದರು. ಕಾರು ಒಂದು ಸಲ ಕೆಮ್ಮಿತು. ಆಮೇಲೆ ಗಪ್‌ಚಿಪ್.

“ಸರಿಯಾಗಿ ತೊಳೆದಿಲ್ವೇನೋ,” ಎಂದರು ಹೆಂಡತಿ.

ಮಾರನೆಯ ದಿನ ಚಕ್ರಗಳನ್ನೂ ತಿಕ್ಕಿದರು. ಅದರ ಮಾರನೆಯ ದಿನ ನೆಲದ ಮೇಲೆ ಅಂಗಾತ ಮಲಗಿ ಕಾರಿನ ಹೊಟ್ಟೆಯನ್ನೂ ತೊಳೆದರು. ಡಾಕ್ಟರಿಗೆ ನೆಗಡಿಯಾಯಿತು. ಕಾರು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಮಾವನವರ ಫೋನು.

“ಗಾಡಿ ಹೇಗಿದೆ ಅಳಿಯಂದ್ರೇ?”

“ಥಳಥಳ ಅಂತಿದೆ ಮಾವ!”

“ನಲ್ಲಿ ಬಿಡ್ತಿದೀರಿ ತಾನೆ?”

“ದಿನಾ ಬಿಡ್ತಿದೀನಿ!”

“ದಿನಾನಾ! ಪರವಾಗಿಲ್ಲ, ನೀವು ಗಟ್ಟಿಗರು ಕಣ್ರೀ!”

ಮದುವೆಯಾದಮೇಲೆ ಮಾವನ ಬಾಯಿಂದ ಡಾಕ್ಟರು ಕೇಳಿದ ಮೊಟ್ಟಮೊದಲ ಹೊಗಳಿಕೆ ಅದು. ‘ಕಾರು ಸ್ಟಾರ್ಟೇ ಆಗುತ್ತಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹಾಗೆಯೇ ನುಂಗಿಬಿಟ್ಟರು. ಅಲ್ಲೇ ಹೇಳಿಬಿಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಅವರ ಮಾನವೂ ಹೋಗುತ್ತಿರಲಿಲ್ಲ.

ಇನ್ನು ಡಾಕ್ಟರ ವೃತ್ತಿಯ ಒಂದು ವಿಷಯ ಹೇಳಲೇಬೇಕು. ಅವರ ಕ್ಲಿನಿಕ್ಕಿನಲ್ಲಿ “ಸ್ವಲ್ಪ ನೋಡಿ ಡಾಕ್ಟ್ರೇ” ಎಂದು ಬಾಯಿ ತೆರೆದವರು ಬಂದಷ್ಟೇ ಹಲ್ಲಿನೊಂದಿಗೆ ವಾಪಸ್ಸು ಹೋದದ್ದು ಕಡಿಮೆ. ಮಾವನವರೂ “ಸ್ವಲ್ಪ ನೋಡ್ಕೊಳ್ಳಿ” ಎಂದೇ ಹೇಳಿ ಹೋಗಿದ್ದರು. ಡಾಕ್ಟರು ಬಾನೆಟ್ಟು ತೆರೆದು, ಟಾರ್ಚು ಬಿಟ್ಟು, ಎಂಜಿನ್ನನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್ ಟಕ್ ಎಂದು ತಟ್ಟಿ ತೀರ್ಪು ಕೊಟ್ಟರು: ಬೇರು ಸತ್ತಿದೆ. ಮೇಜು ಗುದ್ದಿ, ಉಪ್ಪು ಚೆಲ್ಲಿದ್ದು ಅಂದೇ.

ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದದ್ದು ಹಿಂದಿನ ಬೀದಿಯ ಗ್ಯಾರೇಜಿಗೆ. ಅಲ್ಲಿನ ಮೆಕ್ಯಾನಿಕ್ಕನನ್ನು ಊರೆಲ್ಲ ‘ಆಗುತ್ತೆ ಸಾರ್’ ಎಂದೇ ಕರೆಯುತ್ತಿತ್ತು. ಏನು ಕೇಳಿದರೂ ಅವನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು.

“ಈ ಕಾರಿಗೆ ಈ ಕಾಲದ ಎಂಜಿನ್ ಕೂರಿಸೋಕಾಗುತ್ತಾ?”

“ಆಗುತ್ತೆ ಸಾರ್! ಒಂದು ಹೊಸ ಕಾರು ಹಿಂದಿಂದ ಗುದ್ದಿಸ್ಕೊಂಡು ಬಂದು ಬಿದ್ದಿದೆ. ಅದರ ಎಂಜಿನ್ ಇನ್ನೂ ಎಳೇದು. ಆದ್ರೂ ಇದರದ್ದು ಒಂದ್ಸಲ ಏನಾಗಿದೆ ಅಂತ ನೋಡ್ಲಾ?”

“ನೋಡೋದೇನಿದೆ? ನಾನು ನೋಡಾಗಿದೆ. ಕೀಳಿ!”

“ಆಗುತ್ತೆ ಸಾರ್!”

ಈ ಸುದ್ದಿ ಕೇಳಿ ಹೆಂಡತಿ ಕೆಂಡವಾದರು. “ಯಾರೋ ಓಡಿಸಿ ಬಿಟ್ಟಿರೋ ಎಂಜಲು ಎಂಜಿನ್ನ ತಂದು ನಮ್ಮಕ್ಕಂಗೆ ಹಾಕಿಸ್ತಿದೀರಾ?” ಅಪ್ಪ ಹಿರೀ ಮಗಳೆಂದ ಮೇಲೆ ಕಾರು ಅವರಿಗೆ ಅಕ್ಕನೇ ತಾನೆ!

“ನಿಮ್ಮಪ್ಪ ಹೊಸ ಕಣ್ಣಲ್ಲಿ ಹೊಸ ಕಾರು ನೋಡ್ತಾರೆ ಕಣೇ! ಕುಣಿದಾಡಿಬಿಡ್ತಾರೆ!”

ಹಳೆಯ ಎಂಜಿನ್ನು ಸರಪಳಿಯಲ್ಲಿ ನೇತಾಡುತ್ತಾ ಹೊರಬಂದಾಗ ಡಾಕ್ಟರು ಅಭ್ಯಾಸಬಲದಿಂದ “ಹತ್ತಿ ಕಚ್ಚಿ ಹಿಡ್ಕೊಳ್ಳಿ” ಎಂದರು. ಹೊಸ ಎಂಜಿನ್ನು ಕೂರಿಸುವಾಗ ತಾಪತ್ರಯ ಶುರುವಾಯಿತು. ಅದರ ಮುಂದಿನ ಭಾಗ ಕಾರಿನ ಮೂತಿಗೆ ಒತ್ತುತ್ತಿತ್ತು.

“ಎರಡು ಪಟ್ಟಿ ಕೊಯ್ದು ತೆಗೀಬೇಕು ಸಾರ್.”

ಹಲ್ಲು ಕೀಳುವ ವಿಷಯದಲ್ಲಿ ಡಾಕ್ಟರಿಗೆ ಇನ್ನೊಬ್ಬರು ಹೇಳಿಕೊಡಬೇಕೆ? ಗರಗಸವನ್ನು ತಾವೇ ಇಸಿದುಕೊಂಡು ಮಾವನವರ ಕಾರಿನ ಮುಂದಿನ ಎರಡು ಹಲ್ಲುಗಳನ್ನು ಸ್ವಹಸ್ತದಿಂದ ಕಿತ್ತರು. ಎಂಜಿನ್ನು ಎತ್ತರವಾಗಿದ್ದರಿಂದ ಬಾನೆಟ್ಟು ಮುಚ್ಚಲಿಲ್ಲ. ಅದನ್ನು ಹಗ್ಗದಿಂದ ಬಿಗಿದರು. ಬಾಯಿ ಅರ್ಧ ತೆರೆದು, ಮುಂದಿನ ಹಲ್ಲು ಹೋಗಿ, ಗಲ್ಲಕ್ಕೆ ಕಟ್ಟು ಬಿಗಿದುಕೊಂಡ ಕಾರು ಈಗ ಥೇಟ್ ಡಾಕ್ಟರ ರೋಗಿಯಂತೆಯೇ ಕಾಣುತ್ತಿತ್ತು!

ಹೊಸ ಎಂಜಿನ್ನು ತನ್ನದೇ ಪೆಟ್ರೋಲ್ ಟ್ಯಾಂಕು, ಪೈಪುಗಳ ಸಮೇತ ಬಂದಿತ್ತು; ಟ್ಯಾಂಕು ಡಿಕ್ಕಿಯಲ್ಲಿ ಕೂತಿತು. ಅದಕ್ಕೆ ಕಂಪ್ಯೂಟರಿನ ಒಂದು ಮೆದುಳೂ ಇತ್ತು. ಡಬ್ಬಿಯೊಳಗೆ ಕೂತು ಎಲ್ಲದಕ್ಕೂ ಅನುಮಾನ ಪಡುವುದೇ ಅದರ ಕೆಲಸ. ಕೀ ತಿರುಗಿಸಿದ್ದೇ ತಡ, ಕೀಂ ಕೀಂ ಕೀಂ ಎಂದು ಬಾಯಿ ಬಡಿದುಕೊಳ್ಳತೊಡಗಿತು.

“ಏನಂತೆ ಇದಕ್ಕೆ?”

“ಬೆಲ್ಟ್ ಹಾಕಿಲ್ಲ ಅಂತಿದೆ ಸಾರ್.”

“ಈ ಕಾರಲ್ಲಿ ಬೆಲ್ಟೇ ಇಲ್ವಲ್ಲಯ್ಯಾ!”

“ಅದಕ್ಕೇ ಹಾಕಿಲ್ಲ ಅಂತಿದೆ.”

“ಇದರ ಬಾಯಿ ಮುಚ್ಚಿಸೋಕಾಗುತ್ತಾ?”

ಮೆಕ್ಯಾನಿಕ್ಕು ತಲೆ ಕೆರೆದುಕೊಂಡ. ಅವನು ‘ಆಗುತ್ತೆ’ ಎನ್ನದೇ ಇದ್ದದ್ದು ಅದೇ ಮೊದಲ ಸಲ.

ಮಾವನವರು ವಾಪಸ್ಸು ಬರುವ ದಿನ ಬಂದೇ ಬಂತು. ಡಾಕ್ಟರು ಇಸ್ತ್ರಿ ಶರ್ಟು ತೊಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೀಂ ಕೀಂ ಎನ್ನುತ್ತಾ ಬಸ್‌ ಸ್ಟ್ಯಾಂಡಿಗೆ ಸವಾರಿ ಹೊರಟರು. ರಸ್ತೆಯಲ್ಲಿದ್ದವರೆಲ್ಲ ಆಂಬುಲೆನ್ಸ್ ಎಂದುಕೊಂಡು ದಾರಿ ಬಿಟ್ಟರು.

“ನೋಡಿದ್ಯಾ, ಎಂಥ ಮರ್ಯಾದೆ!” ಎಂದರು ಡಾಕ್ಟರು.

“ರೀ, ನಿಧಾನ!” ಎಂದರು ಹೆಂಡತಿ.

ಎಂಜಿನ್ನು ಎಳೆಯದು, ಬ್ರೇಕು ಮುದಿ ಎನ್ನುವುದು ಆವರೆಗೂ ಡಾಕ್ಟರಿಗೆ ಹೊಳೆದಿರಲಿಲ್ಲ. ಬಸ್‌ ಸ್ಟ್ಯಾಂಡಿನ ಮುಂದೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ ಮಾವನವರು ಕೈ ಎತ್ತಿದರು. ಡಾಕ್ಟರು ಬ್ರೇಕು ಒತ್ತಿದರು. ಬ್ರೇಕು ಯೋಚನೆ ಮಾಡತೊಡಗಿತು. ಕಾರು ಮಾವನವರನ್ನು ದಾಟಿ, ಅವರ ಸೂಟ್‌ಕೇಸನ್ನು ದಾಟಿ, ಕುಡಿಯುವ ನೀರಿನ ಕಟ್ಟೆಗೆ ಧಡ್ ಎಂದು ಮುತ್ತಿಟ್ಟು ನಿಂತಿತು. ಕಟ್ಟೆಯ ಪೈಪು ಮುರಿದು ನೀರು ಬುಸ್ ಎಂದು ಆಕಾಶಕ್ಕೆ ಚಿಮ್ಮಿತು.

ಮಾವನವರು ಮೊದಲು ಓಡಿದ್ದು ಮಗಳ ಹತ್ತಿರಕ್ಕಲ್ಲ, ಅಳಿಯನ ಹತ್ತಿರಕ್ಕೂ ಅಲ್ಲ. ಮೂಲೆಯಲ್ಲಿದ್ದ ಗುಂಡಿಗೆ ಕೈ ಹಾಕಿ, ಒಳಗಿನ ವಾಲ್ವು ತಿರುಗಿಸಿ, ನೀರು ಬಂದ್ ಮಾಡಿ, ಆಮೇಲೆ ಕಾರಿನ ಹತ್ತಿರ ಬಂದರು. ಕನ್ನಡಕ ತೆಗೆದರು. ಹೊಸ ಕಣ್ಣಿನಿಂದ ಹಿರೀ ಮಗಳ ಬೊಕ್ಕ ಬಾಯಿ ನೋಡಿದರು. ಬಾನೆಟ್ಟಿನ ಹಗ್ಗ ಸಡಿಲಿಸಿ ಒಳಗೆ ಇಣುಕಿದರು.

“ನನ್ನ ಎಂಜಿನ್ ಎಲ್ಲಿ?”

“ಮಾವ, ಅದು... ಸತ್ತುಹೋಗಿತ್ತು. ಎಷ್ಟು ಪ್ರಯತ್ನ ಪಟ್ಟರೂ ಸ್ಟಾರ್ಟ್ ಆಗ್ಲಿಲ್ಲ.”

“ನಲ್ಲಿ ಬಿಟ್ರಾ?”

“ನಾನು ಬಿಟ್ಟಿದ್ದಲ್ಲ ಮಾವ, ಕಾರು ಗುದ್ದಿದಾಗ ಅದೇ ಮುರ್ಕೊಂಡು...”

“ಅದಲ್ರೀ! ಗಾಡಿ ನಲ್ಲಿ! ಫೋನಲ್ಲಿ ದಿನಾ ಬಿಡ್ತಿದೀನಿ ಅಂದ್ರಲ್ಲ?”

“ಬಿಟ್ಟೆ ಮಾವ! ದಿನಾ ಬಿಟ್ಟು, ಚಕ್ರ, ಹೊಟ್ಟೆ ಎಲ್ಲ ತೊಳೆದೆ...”

“ತೊಳೆದ್ರಾ?”

ಮಾವನವರು ಬಾಗಿಲು ತೆರೆದು, ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ, ಹೆಬ್ಬೆರಳಿನಷ್ಟು ಉದ್ದದ ಹಿತ್ತಾಳೆ ಹಿಡಿಯೊಂದನ್ನು ತೋರಿಸಿದರು. ತಿರುಗಿಸಿದರೆ ಏನಾದರೊಂದು ಹರಿಯುವಂಥದ್ದೆಲ್ಲ ಆ ನೀರಿನ ಕಚೇರಿಯ ಮನುಷ್ಯನ ಬಾಯಲ್ಲಿ ನಲ್ಲಿಯೇ. ಇದು ಪೆಟ್ರೋಲಿನ ನಲ್ಲಿ. ಕಳ್ಳರು ಓಡಿಸಿಕೊಂಡು ಹೋಗಬಾರದೆಂದು ಅವರೇ ಮುಚ್ಚಿ ಹೋಗಿದ್ದರು. ಅದು ಇನ್ನೂ ಮುಚ್ಚಿಯೇ ಇತ್ತು.

ಹಲ್ಲಿನ ಡಾಕ್ಟರ ಪಾಲಿಗೆ ಅತಿ ದೊಡ್ಡ ಅವಮಾನ ಯಾವುದು? ಗಟ್ಟಿಮುಟ್ಟಾದ ಹಲ್ಲನ್ನು ಕೀಳುವುದು! ಡಾಕ್ಟರಿಗೆ ಮೈಯೆಲ್ಲ ಹಿಡಿಯಷ್ಟಾಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಭೂಮಿ ಬಿಡಲಿಲ್ಲ, ಕಾರೊಂದು ಬಾಯಿ ಬಿಟ್ಟುಕೊಂಡು ಎದುರಿಗೇ ನಿಂತಿತ್ತು. ಮಾವನವರು ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವರು ಬೈಯಲಿಲ್ಲ. ಅಂಗೈ ಚಾಚಿದರು, ಅಷ್ಟೇ. ಡಾಕ್ಟರು ತಲೆ ತಗ್ಗಿಸಿ ಬೀಗದ ಕೈ ಇಟ್ಟರು.

“ತೊಳೆಯೋದು ಮಾತ್ರ ಚೆನ್ನಾಗಿ ತೊಳೆದಿದೀರಿ,” ಎಂದರು ಮಾವ.

ಅಲ್ಲಿಂದ ನೇರ ಗ್ಯಾರೇಜಿಗೆ. ಹಳೆಯ ಎಂಜಿನ್ನು ಮೂಲೆಯಲ್ಲಿ ಮರದ ದಿಮ್ಮಿಗಳ ಮೇಲೆ ಅನಾಥವಾಗಿ ಕೂತಿತ್ತು. ಮಾವನವರು ಅದರ ತಲೆ ಸವರಿ, ಬ್ಯಾಟರಿ ಜೋಡಿಸಿ, ಒಂದು ಡಬ್ಬಿ ಪೆಟ್ರೋಲಿಗೆ ಪೈಪು ಸಿಕ್ಕಿಸಿದರು. ಒಂದೇ ಏಟಿಗೆ ಗುಡುಗುಡು ಗುಡುಗುಡು ಎಂದು ಅದು ಜೀವ ತಳೆಯಿತು! ನೆಲದ ಮೇಲೆ ಕೂತು ಮೈ ಕುಲುಕಿಸಿಕೊಂಡು ಅದು ತಮ್ಮನ್ನೇ ನೋಡಿ ನಗುತ್ತಿದೆ ಎಂದು ಡಾಕ್ಟರಿಗೆ ಅನ್ನಿಸಿತು. ಹೆಂಡತಿಯಂತೂ ನಿಜವಾಗಿಯೂ ನಗುತ್ತಿದ್ದರು.

“ಕಿತ್ತಿದ್ದನ್ನ ಮತ್ತೆ ಅದೇ ಜಾಗದಲ್ಲಿ ಕೂರಿಸೋಕೆ ಆಗುತ್ತಾ?” ಎಂದು ಡಾಕ್ಟರು ಸಣ್ಣ ದನಿಯಲ್ಲಿ ಕೇಳಿದರು.

“ಆಗುತ್ತೆ ಸಾರ್. ಹಲ್ಲು ಮಾತ್ರ ಆಗಲ್ಲ.”

ಎಂಜಿನ್ನು ಮರಳಿ ಕೂತಿತು, ಬಾನೆಟ್ಟು ಮುಚ್ಚಿತು, ಕೀಂ ಕೀಂ ನಿಂತಿತು. ಮೂತಿಯ ಎರಡು ಪಟ್ಟಿಗಳು ಮಾತ್ರ ಎಲ್ಲೂ ಸಿಗಲಿಲ್ಲ. ಕಾರು ಊರಲ್ಲಿ ಓಡಾಡುವಾಗ ಪರಿಚಯದವರೆಲ್ಲ, “ಇದೇನ್ರೀ, ಹಲ್ಲು ಎಲ್ಲಿ ಹೋಯ್ತು?” ಎನ್ನುವರು. “ನಮ್ಮ ಅಳಿಯಂದ್ರು ಸ್ವಲ್ಪ ನೋಡಿದ್ರು,” ಎನ್ನುವರು ಮಾವ. ಪ್ರತಿ ಭಾನುವಾರ ಕಾರು ತೊಳೆಯುವ ಅಧಿಕಾರವನ್ನು ಡಾಕ್ಟರಿಗೆ ಖಾಯಂ ಆಗಿ ಕೊಡಲಾಯಿತು. ಬೀಗದ ಕೈ ಬೇಕಾಗದ ಕೆಲಸ ಅದು. ಪೈಪು ಹಿಡಿದು ಆ ಬೊಕ್ಕ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಾಗಲೆಲ್ಲ ನಾಚಿಕೆಯಿಂದ ಅವರ ಕಿವಿ ಬಿಸಿಯಾಗುತ್ತಿತ್ತು.

ಕೆಲವು ವಾರಗಳು ಕಳೆದವು. ಒಂದು ಸಂಜೆ ಕ್ಲಿನಿಕ್ಕು ರೋಗಿಗಳಿಂದ ತುಂಬಿತ್ತು. ಹೊರಗೆ ಗುಡುಗುಡು ಸದ್ದು ಬಂದು ನಿಂತಿತು. ಮಾವನವರು ಕೆನ್ನೆ ಹಿಡಿದುಕೊಂಡು ಒಳಗೆ ಬಂದರು. ದವಡೆ ಹಲ್ಲಿನಲ್ಲಿ ಜೀವ ಹೋಗುವಂಥ ನೋವಂತೆ! ಅಷ್ಟೆಲ್ಲ ಆದಮೇಲೂ ಮಾವ ಬೇರೆ ಡಾಕ್ಟರನ್ನು ಹುಡುಕಿ ಹೋಗಲಿಲ್ಲವಲ್ಲ ಎಂದು ಡಾಕ್ಟರು ಕುರ್ಚಿಯನ್ನು ಎರಡೆರಡು ಸಲ ಒರೆಸಿದರು. ಅವರನ್ನು ಕುರ್ಚಿಯಲ್ಲಿ ಒರಗಿಸಿ, ದೀಪ ಹಾಕಿ, “ಬಾಯಿ ತೆರೀರಿ ಮಾವ, ಸ್ವಲ್ಪ ನೋಡ್ತೀನಿ,” ಎಂದರು. ಕೈ ಅದರ ಪಾಡಿಗೆ ಅದು ಇಕ್ಕಳದ ಕಡೆ ಹೋಯಿತು.

ಮಾವನವರ ಬಾಯಿ ಟಪ್ ಎಂದು ಮುಚ್ಚಿಕೊಂಡಿತು.

“ಅಳಿಯಂದ್ರೇ,” ಎಂದರು, ಹೊರಗಿನ ಬೆಂಚಿನ ಕೊನೆಯವರಿಗೂ ಕೇಳುವ ಹಾಗೆ, “ಮೊದಲು ನಲ್ಲಿ ಬಿಡಿ!”

ಡಾಕ್ಟರು ಇಕ್ಕಳ ಕೆಳಗಿಟ್ಟು, ಕುರ್ಚಿಯ ಪಕ್ಕದ ಪುಟ್ಟ ನಲ್ಲಿ ಬಿಟ್ಟರು. ಮಾವನವರು ಲೋಟ ತುಂಬಿಕೊಂಡು, ಗಳಗಳ ಮುಕ್ಕಳಿಸಿ, ಫೂ ಎಂದು ಉಗುಳಿದರು. ಬಟ್ಟಲಿನಲ್ಲಿ ಟಿಣ್ ಎಂದು ಏನೋ ಬಿತ್ತು. ಸೀಬೆಹಣ್ಣಿನ ಬೀಜ! ಮಾವನವರು ನಾಲಿಗೆಯಿಂದ ದವಡೆ ತಡವಿ ನೋಡಿದರು. ನೋವು ಮಾಯ.

“ನೋಡಿದ್ರಾ?” ಎಂದರು.

“ನೋಡಿದೆ ಮಾವ,” ಎಂದರು ಡಾಕ್ಟರು, ಬಟ್ಟಲಿನಿಂದ ಕಣ್ಣೆತ್ತದೆ.

ಮಾವನವರು ಅವರ ಬೆನ್ನು ತಟ್ಟಿ, ಎಲ್ಲ ಹಲ್ಲುಗಳ ಸಮೇತ ಹೊರಗೆ ನಡೆದರು. ಕಾರು ಗುಡುಗುಡು ಎನ್ನುತ್ತಾ ಹೊರಟುಹೋಯಿತು. ಡಾಕ್ಟರು ಮುಖದ ಬೆವರೊರೆಸಿಕೊಂಡು ಮುಂದಿನ ರೋಗಿಯನ್ನು ಕರೆದರು. ಕೆನ್ನೆ ಊದಿಸಿಕೊಂಡ ದಪ್ಪ ಹೆಂಗಸೊಬ್ಬರು ಬಂದು ಕೂತರು.

“ಡಾಕ್ಟ್ರೇ, ಸ್ವಲ್ಪ ನೋಡಿ...” ಎಂದವರು ಏನೋ ನೆನಪಾಗಿ ಗಬಕ್ಕನೆ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ಕೇಳಿದರು: “ಮೊದಲು ನಲ್ಲಿ ಬಿಡ್ತೀರಾ?”